ಒಂದು ಗೇಣು ಹುರಿ

ಅವರ ಹುಬ್ಬಿನಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಮೀಸೆಯಲ್ಲಿ, ಕಿವಿಯ ಕೂದಲಲ್ಲಿ, ತೋಳಿನ ಬೆವರಿನಲ್ಲಿ ಕೂಡ ಇರುತ್ತಿತ್ತು. ಆದರೆ ನನಗೆ ನೆನಪಾಗುವುದು ಹುಬ್ಬು. ನಕ್ಕರೆ ಒಂದೆರಡು ಎಳೆ ಬಿಟ್ಟುಕೊಂಡು ಮೇಲಕ್ಕೆ ತೇಲುತ್ತಿದ್ದವು, ಅವರು ಅವನ್ನು ಉಫ್ ಎಂದು ಊದುತ್ತಿದ್ದರು. ಊದುತ್ತಿದ್ದರೇ? ಒಮ್ಮೆ ಊದಿರಬಹುದು. ಒಮ್ಮೆ ಕಂಡದ್ದನ್ನು ‘ಯಾವಾಗಲೂ’ ಎಂದು ಬರೆದುಕೊಳ್ಳುವ ಚಾಳಿ ನೆನಪಿಗಿದೆ. ನಾನು ಆಣೆ ಮಾಡಿ ಹೇಳಬಲ್ಲ ಸಂಗತಿ ಈ ಇಡೀ ಕಥೆಯಲ್ಲಿ ಒಂದೇ ಒಂದು. ಅದು ಒಂದು ಬ್ಲೇಡಿನದು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮುದ್ದೇಬಿಹಾಳದಿಂದ ಬಂದು ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಅವರು ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುತ್ತಿದ್ದರು. ಊರಿಗೆಲ್ಲ ಅವರು ಚಾಚಾ. ಆಳೆತ್ತರದ ಬಿಲ್ಲನ್ನು ತೊಲೆಗೆ ತೂಗುಬಿಟ್ಟು, ಅದರ ಕರುಳಿನ ಹುರಿಯನ್ನು ಮರದ ಕೊಡತಿಯಿಂದ ಸೆಳೆದು ಬಿಟ್ಟರೆ, ಗಂಟುಗಟ್ಟಿದ ಹಳೆಯ ಹತ್ತಿ ನೊರೆಯಂತೆ ಉಬ್ಬಿ ಕೋಣೆ ತುಂಬುತ್ತಿತ್ತು. ಕೆಲಸ ಶುರುವಾಗುವ ಮೊದಲು ಹುರಿಯನ್ನು ಒಮ್ಮೆ ಮೀಟಿ ಅದಕ್ಕೆ ಕಿವಿ ಹಚ್ಚುತ್ತಿದ್ದರು. ಕೆಲಸದ ನಡುವೆ ಮಾತಿಲ್ಲ. ಬಾಯಿ ತೆರೆದರೆ ಹತ್ತಿ ಹೋಗುತ್ತದೆ. ಆ ಮೌನದ ಸೇಡನ್ನು ಚಹಾ ಕುಡಿಯುವಾಗ ತೀರಿಸಿಕೊಳ್ಳುತ್ತಿದ್ದರು.

ನನ್ನ ಬಾಡಿಗೆ ಕೋಣೆಗೆ ಮೊದಲ ಸಲ ಬಂದಾಗ ನನ್ನ ಗಾದಿಯನ್ನು ಬಿಚ್ಚದೆ, ನಾನು ಮಲಗಿ ಮಲಗಿ ಬಿದ್ದ ತಗ್ಗಿನ ಮೇಲೆ ಸುಮ್ಮನೆ ಕೈಯಾಡಿಸಿದರು.

“ಮಾಸ್ತರ್ರ, ಇದರಾಗ ಒಂದ ಕುಣಿ ಐತಿ.”

“ಹೌದು ಚಾಚಾ, ನಾ ಒಬ್ಬನ ಇರೂದು.”

“ಅದನ್ನಽ ಕೇಳಾಕತ್ತೇನಿ. ಎರಡನೇದು ಬೀಳೂದು ಯಾವಾಗ್ರಿ?”

ಅವರು ನನಗಿಂತ ಮೂವತ್ತು ವರ್ಷ ಹಿರಿಯರು. ನನ್ನ ಜೊತೆ ‘ರಿ’ ಹಚ್ಚಿ ಮಾತಾಡುತ್ತಿದ್ದರು. ನಾನು ಅವರಿಗೆ ‘ನೀ’ ಎನ್ನುತ್ತಿದ್ದೆ. ಈಗ ಕಾಗದದ ಮೇಲೆ ಬಹುವಚನ ಹಚ್ಚುತ್ತಿದ್ದೇನೆ.

ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಒಂದು ರೇಡಿಯೋ ಇತ್ತು. ಸಿಲೋನಿನ ಸ್ಟೇಷನ್ನು ಹಿಡಿಯುತ್ತಿತ್ತು. ಒಂದು ಸಂಜೆ ಅದರಲ್ಲಿ ಅಮೆರಿಕದ ಹಾಡೊಂದು ಬಂತು. ಬಿಕ್ಕಳಿಕೆ ಬಂದವನಂತೆ ಹಾಡುವ ಒಬ್ಬ, ಒಂದು ಗಿಟಾರು, ಅವೆರಡರ ಕೆಳಗೆ ಕುದುರೆ ಕಲ್ಲಿನ ಮೇಲೆ ಓಡಿದಂಥ ಟಕ್ಕಟಕ ಟಕ್ಕಟಕ. ಅದಕ್ಕೆ ರಾಕಬಿಲಿ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಾದದ್ದು ಇಷ್ಟೇ: ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ.

“ಎಂಥಾ ಡೋಲು ಬಾರಸ್ತಾನ ನೋಡು ಚಾಚಾ!” ಎಂದೆ.

ಚಾಚಾ ಬಸಿಯಲ್ಲಿದ್ದ ಚಹಾ ಕೆಳಗಿಟ್ಟು ತಲೆ ವಾಲಿಸಿದರು. “ಡೋಲಲ್ರಿ ಅದು. ಹುರಿ ಐತಿ. ಜಗ್ಗಿ ಬಿಡ್ತಾನ, ಬಂದು ಕಟಿಗಿಗಿ ಬಡೀತೈತಿ. ಅಂವಾ ಏನ್ ನಮ್ಮಂಗ ಹತ್ತಿ ಹಿಂಜಾಂವೇನು?”

ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅಮೆರಿಕದ ಹಾಡಿನ ಬಗ್ಗೆ ಸಿಂದಗಿಯಲ್ಲಿ ಆ ದಿನ ಸರಿಯಾಗಿ ಹೇಳಿದವರು ಅವರೊಬ್ಬರೇ.

ಮುಂದೆ ನಡೆದದ್ದು ಆಕಸ್ಮಿಕ. ಇಂಡಿಯಲ್ಲಿ ಠಿಕಾಣಿ ಹೂಡಿದ್ದ ಒಂದು ನಾಟಕ ಕಂಪನಿ ಮುಳುಗಿ, ಸಾಮಾನುಗಳನ್ನೆಲ್ಲ ಮಾರಾಟಕ್ಕಿಟ್ಟಿತು. ಅದರಲ್ಲೊಂದು ದೊಡ್ಡ ಪಿಟೀಲು, ನಿಲ್ಲಿಸಿದರೆ ನನಗಿಂತ ಎತ್ತರ. ರಾಕ್ಷಸ ಪ್ರವೇಶ ಮಾಡುವಾಗ ಗುಂಯ್ಗುಟ್ಟಿಸಲು ಕಂಪನಿಯ ಮಾಲೀಕ ಸೋಲಾಪುರದ ಬ್ಯಾಂಡಿನವರಿಂದ ತಂದದ್ದಂತೆ. ಯಾರೂ ಕೊಳ್ಳಲಿಲ್ಲ, ರೇಡಿಯೋದ ಆ ಟಕ್ಕಟಕ ಇದರಲ್ಲೇ ಹುಟ್ಟೀತೆಂದು ನಾನು ಕೊಂಡೆ. ಬಸ್ಸಿನ ಟಾಪಿಗೆ ಏರಿಸುವಾಗ ಕಂಡಕ್ಟರ್ ಕೇಳಿದ, “ಮಾಸ್ತರ್ರ, ಇದಕ್ಕ ಫುಲ್ ಟಿಕೆಟೋ ಹಾಫ್ ಟಿಕೆಟೋ?”

ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ಚಾಚಾ ಮುಟ್ಟಿ ನೋಡಿ ತಲೆಯಲ್ಲಾಡಿಸಿದರು. “ಕಬ್ಬಿಣದಾಗ ಆ ಸಪ್ಪಳ ಬರಂಗಿಲ್ಲ. ಕರುಳ ಬೇಕು.” ಆಡಿನ ಕರುಳು ತಂದರು, ಹೆರೆದರು, ಹೊಸೆದರು, ನನ್ನ ಅಂಗಳದಲ್ಲಿ ಎರಡು ಗೂಟಗಳ ನಡುವೆ ಎಳೆದು ಒಣಗಿಸಿದರು. ವಾಸನೆಗೆ ಮನೆಯ ಮಾಲೀಕರು ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಹೀಗೆ ಮೂರು ಹುರಿಯಾದವು. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯದು, ಆಗಲಿಲ್ಲ. ಎರಡು ಸಲ ಹೊಸೆದರು. ಎರಡು ಸಲವೂ ಬಿಗಿ ಮಾಡಿದ ಮರುದಿನ ಹರಿಯಿತು.

ಕಲಿಸಿದ್ದೂ ಅವರೇ. ಆ ವಾದ್ಯವನ್ನು ಒಂದು ದಿನವೂ ನುಡಿಸದವರು. ನಾನು ಮೊದಲ ವಾರವಿಡೀ ಹುರಿಗಳಿಗೆ ಅಂಗೈಯಿಂದ ಹೊಡೆಯುತ್ತಿದ್ದೆ. ಬೆರಳುಗಳಲ್ಲಿ ನೀರುಗುಳ್ಳೆ ಎದ್ದು ಒಡೆದವು. ಸಾಲಿಯಲ್ಲಿ ಸೀಮೆಸುಣ್ಣ ಹಿಡಿಯಲಾಗುತ್ತಿರಲಿಲ್ಲ. ಚಾಚಾ ಬಾಗಿಲಲ್ಲಿ ಕೂತು ನೋಡಿದರು.

“ಯಾರ ಮ್ಯಾಲ ಸಿಟ್ಟು ಮಾಸ್ತರ್ರ?”

“ಯಾರ ಮ್ಯಾಲೂ ಇಲ್ಲ.”

“ಮತ್ತ ಅದರ ಮ್ಯಾಲ ಯಾಕ ತಗೀತೀರಿ? ನೀವು ಹುರೀಗಿ ಹೊಡ್ಯಾಕತ್ತೀರಿ. ಹೊಡೀಬ್ಯಾಡ್ರಿ. ಜಗ್ಗ್ರಿ, ಬಿಡ್ರಿ. ತಾನಽ ಹೋಗಿ ಬಡಕೊಂತೈತಿ. ಅದು ಬಡಕೊಂಡು ಬರೂದ್ರಾಗ ನಿಮ್ಮ ಕೈ ಅಲ್ಲಿರಬೇಕು. ಅಷ್ಟ.”

ಅಷ್ಟೇ. ಬೆರಳನ್ನು ಕೊಕ್ಕೆ ಮಾಡಿ ಹುರಿಯನ್ನು ಹೊರಕ್ಕೆ ಎಳೆಯುವುದು, ಬಿಡುವುದು. ಅದು ಮರಕ್ಕೆ ಬಡಿದಾಗ ಒಂದು ಟಕ್. ಹಿಂದೆಯೇ ಅಂಗೈ ಬಿದ್ದಾಗ ಇನ್ನೊಂದು. ನಡುವೆ, ಹೊಟ್ಟೆಯಿಂದ ಬಂದಂತೆ, ಸ್ವರ. ಅದು ಸಿಕ್ಕ ದಿನ ಚಾಚಾ ನನ್ನ ಮಡಿಸಿಟ್ಟ ಗಾದಿಯ ಮೇಲೆ ಕೊಡತಿಯಿಂದ ಜೊತೆ ತಾಳ ಹಾಕಿದರು. ನಾವಿಬ್ಬರೂ ಬೆವೆತು ಹೋದೆವು. ಜಗತ್ತಿನ ಯಾವುದೋ ಮೂಲೆಯಲ್ಲಿ ನನ್ನ ವಯಸ್ಸಿನ ಹುಡುಗರು ಹೀಗೇ ಬೆವೆಯುತ್ತಿದ್ದಾರೆ ಎನ್ನಿಸಿದ ಆ ಸುಖ ಇವತ್ತಿಗೂ ನನಗೆ ಕೃತಕವೆನ್ನಿಸಿಲ್ಲ. ಅದು ಕೃತಕವಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು.

ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ನನ್ನ ಗೆಳೆಯ ಗಿಟಾರು ನುಡಿಸುತ್ತಿದ್ದ, ಹಾಡುತ್ತಿದ್ದ. ಬಸವನ ಬಾಗೇವಾಡಿಯ ಸಾಲಿಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಮ್ಮಿಬ್ಬರನ್ನು ಕರೆದರು. ದಪ್ಪ ಹುರಿ ಇಲ್ಲದೆ ಹೋಗುವುದು ನನಗೆ ಸಾಧ್ಯವಿರಲಿಲ್ಲ. ಬಾಯಿ ಬಿಟ್ಟು ಕೇಳಲಿಲ್ಲ. ಚಾಚಾನ ಮನೆಗೆ ಹೋಗಿ ಅವರ ಬಿಲ್ಲನ್ನೇ ನೋಡುತ್ತ ಕೂತೆ. ಕೇಳುವುದರಲ್ಲಿ ಅದೂ ಒಂದು ಬಗೆ.

ಅವರ ಬಿಲ್ಲಿನ ಹುರಿ ಅವರ ತಂದೆಯ ಕಾಲದ್ದು. ಅಂಥದನ್ನು ಹೊಸೆಯುವ ಒಬ್ಬನೇ ಮನುಷ್ಯ ಸೋಲಾಪುರದಲ್ಲಿದ್ದ, ಅವನು ತೀರಿಕೊಂಡಿದ್ದ. ಚಳಿ ಬೀಳುವ ಹೊತ್ತು, ಮುಂದೆ ಮದುವೆಗಳು. ಗಾದಿಯ ಕೆಲಸವೆಲ್ಲ ಆ ಮೂರು ತಿಂಗಳಲ್ಲೇ. ಇದೆಲ್ಲ ನನಗೆ ಗೊತ್ತಿತ್ತು.

“ಎಂಟ ದಿನಾ ಗಾದೀ ಗಲೀಫ ಹೊಲಿಯೂ ಕೆಲಸ ಐತ್ರಿ ನನಗ,” ಎನ್ನುತ್ತ ಚಾಚಾ ಬಿಲ್ಲನ್ನು ಇಳಿಸಿದರು. ಒಳಗಿನಿಂದ ಅವರ ಹೆಂಡತಿ ಚಾಚಿ ಏನೋ ಅಂದರು. ಚಾಚಾ ಕೇಳಿಸಿಕೊಳ್ಳಲಿಲ್ಲ. ಬಿಲ್ಲಿನ ತುದಿಗೆ ಸುತ್ತಿದ್ದ ಹುರಿಯನ್ನು ಸುತ್ತು ಸುತ್ತಾಗಿ ಬಿಚ್ಚಿ ನನ್ನ ಕೈಗೆ ಕೊಡುವಾಗ ಅದರ ತುದಿಯನ್ನು ಹಿಡಿದುಕೊಂಡೇ ಹೇಳಿದರು: “ನಿಮ್ಮದಕ್ಕ ಇದು ಒಂದು ಗೇಣು ಹೆಚ್ಚಾಗತೈತಿ. ಹಂಗಽ ಇಳಿಬಿಡ್ರಿ. ಕತ್ತರಸಬ್ಯಾಡ್ರಿ. ಆ ಗೇಣಿನ ಮ್ಯಾಲಽ ಬಿಲ್ಲು ನಿಂತಿರತೈತಿ.”

ಬಾಗೇವಾಡಿಯ ಸಾಲಿಯ ಒಂದು ಕೋಣೆಯಲ್ಲಿ ನಾವು ತಯಾರಾಗುತ್ತಿದ್ದಾಗ, ವಾದ್ಯದ ತಲೆಯಿಂದ ಆ ಗೇಣುದ್ದ ತುದಿ ತೂಗಾಡುತ್ತಿತ್ತು. ಕಂಪೌಂಡರ್ ನಕ್ಕ. “ಏನೋ ಇದು, ಎಮ್ಮೀ ಬಾಲ ಜೋತು ಬಿದ್ದಂಗ!”

ಬಹಳ ವರ್ಷ ನಾನು ಇದನ್ನು ಬೇರೆ ರೀತಿ ಹೇಳುತ್ತ ಬಂದೆ. ಬಿಗಿ ಮಾಡುವಾಗ ಹರಿಯಿತು ಎಂದು ಒಮ್ಮೆ. ಕಂಪೌಂಡರ್ ಕತ್ತರಿಸಿಬಿಟ್ಟ ಎಂದು ಒಮ್ಮೆ, ಅವನು ಸತ್ತ ಮೇಲೆ. ಕತ್ತರಿಸಿದ್ದು ನಾನು. ಕ್ಷೌರದ ಪೆಟ್ಟಿಗೆಯಿಂದ ಹೊಸ ಬ್ಲೇಡು ತೆಗೆದೆ, ಅದರ ಮೇಣದ ಕಾಗದ ಬಿಚ್ಚಿದೆ. ಕರುಳು ಅಷ್ಟು ಸುಲಭಕ್ಕೆ ಹರಿಯುವುದಿಲ್ಲ; ಏಳೆಂಟು ಸಲ ಎಳೆಯಬೇಕಾಯಿತು. ಪ್ರತಿಸಲವೂ ನಿಲ್ಲಿಸಬಹುದಿತ್ತು. ವೇದಿಕೆಯ ಮೇಲೆ ಎಮ್ಮೆಯ ಬಾಲ ಕಾಣಬಾರದು ಎನ್ನುವುದೇ ನನಗಿದ್ದ ಕಾರಣ.

ಆ ದಿನ ನುಡಿಸಿದಂತೆ ಮತ್ತೆಂದೂ ನುಡಿಸಲಿಲ್ಲ. ದಪ್ಪ ಹುರಿಯ ಒಂದೊಂದು ಏಟಿಗೂ ವೇದಿಕೆಯ ಹಲಗೆ ನಡುಗಿತು. “ಮಾಸ್ತರ್ರು ಪಿಟೀಲಿನ ಕಪಾಳಕ್ಕ ಹೊಡ್ಯಾಕತ್ತಾರಲೇ!” ಎಂದು ಯಾರೋ ಕೂಗಿದರು, ಆಮೇಲೆ ಮುನ್ನೂರು ಕೈಗಳು ತಾಳ ಹಿಡಿದವು. ಮುನ್ನೂರು ಇದ್ದವೋ ಇಲ್ಲವೋ. ಅಂತೂ ಎರಡು ಸಲ ನುಡಿಸಬೇಕಾಯಿತು. ಕೆಳಗಿಳಿದಾಗ ಯಾರೋ ಗುರು ಯಾರೆಂದು ಕೇಳಿದರು. ರೇಡಿಯೋ ಎಂದೆ.

ಎಂಟು ದಿನ ಕಳೆಯಿತು. ತಾಳಿಕೋಟೆಗೆ ಕರೆದರು, ಹೋದೆವು. ಮುದ್ದೇಬಿಹಾಳಕ್ಕೆ ಕರೆದರು. ಹುರಿ ನನ್ನ ಬಳಿಯೇ ಉಳಿಯಿತು. ಒಂದು ಮಧ್ಯಾಹ್ನ ಚಾಚಿ ಸಾಲಿಯ ಬಾಗಿಲಿಗೆ ಬಂದು ನಿಂತರು. ಸೆರಗಿನ ತುದಿ ಹಲ್ಲಿನಲ್ಲಿ.

“ಮಾಸ್ತರ್ರ, ಹುರಿ ಆತೇನ್ರಿ?”

“ನಾಳೆ ತರ್ತೇನಿ ಚಾಚಿ.”

“ಅವರು ಬಡಿಗಿ ತಗೊಂಡು ಹತ್ತಿ ಬಡ್ಯಾಕತ್ತಾರ. ಮಂದಿ ಹತ್ತಿ ವಾಪಸ್ ಒಯ್ಯಾಕತ್ತಾರ್ರಿ.”

ಆ ನಾಳೆ ಬರಲು ಇನ್ನೂ ಹದಿನೈದು ದಿನ ಹಿಡಿಯಿತು. ಹಿಂದಿರುಗಿಸಲು ಮನಸ್ಸಿಲ್ಲದ್ದಕ್ಕಲ್ಲ. ತುದಿಯನ್ನು ಅವರು ನೋಡುತ್ತಾರಲ್ಲ ಎಂದು.

ಕೊನೆಗೆ ಒಂದು ಮುಂಜಾನೆ ಒಯ್ದೆ. ಚಾಚಾ ಬಿಲ್ಲು ಇಳಿಸಿ ಹುರಿ ಹೂಡಿದರು. ಅದು ಆಚೆಯ ತುದಿ ಮುಟ್ಟಲಿಲ್ಲ. ಬಿಲ್ಲನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದರು. ಆಗಲೂ ಇಲ್ಲ. ಕೈ ಬಿಚ್ಚಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದರು: ಸರಿಯಾಗಿ ಒಂದು ಗೇಣು. ಆಮೇಲೆ ಹುರಿಯ ತುದಿಯನ್ನು ಕಣ್ಣ ಹತ್ತಿರ ಹಿಡಿದರು. ಹರಿದ ಕರುಳಿಗೆ ಎಳೆಗಳು ಎದ್ದಿರುತ್ತವೆ. ಇದು ಕೊಯ್ದ ಸವತೆಕಾಯಿಯಂತೆ ನುಣ್ಣಗಿತ್ತು. ಐವತ್ತು ವರ್ಷ ಹುರಿಯೊಂದಿಗೆ ಬದುಕಿದವರಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ.

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಈಗ ಗೊತ್ತಿಲ್ಲ. ತಪ್ಪೊಪ್ಪಿಕೊಳ್ಳಲು ಎಂದು ಬರೆಯಲು ಪೆನ್ನು ತಾನೇ ಮುಂದಾಗುತ್ತದೆ, ಅದನ್ನು ನಾನು ನಂಬುವುದಿಲ್ಲ. ಮಾತು ಹೊರಡುವ ಮೊದಲೇ ಚಾಚಾ ಅಂದರು:

“ಈ ಸಲ ಚಳಿ ಭಾಳ ಐತ್ರಿ ಮಾಸ್ತರ್ರ. ಚಳಿಗಿ ಕರುಳ ಕುಗ್ಗತೈತಿ.”

ಬಾಗಿಲಲ್ಲಿ ಚಾಚಿ ನಿಂತಿದ್ದರು. ನಾನು ಹೇಳಿದೆ: “ಹೌದು ಚಾಚಾ. ಚಳೀನಽ.”

ಅವರ ಹುಬ್ಬಿನಲ್ಲಿ ಆ ದಿನ ಹತ್ತಿ ಇರಲಿಲ್ಲ.

ಮುಂದಿನ ವಾರ ಅವರು ಬಿಲ್ಲಿನ ತುದಿಯಿಂದ ಒಂದು ಗೇಣು ಮರ ಕೊಯ್ದು ತೆಗೆದರು. ಗಿಡ್ಡ ಬಿಲ್ಲು ತೊಲೆಯಿಂದ ಸರಿಯಾಗಿ ತೂಗಲಿಲ್ಲ; ಅದನ್ನು ಭುಜದಿಂದ ಎತ್ತಿ ಹಿಡಿದು ಹಿಂಜಬೇಕಾಗುತ್ತಿತ್ತು. ಅದರ ದನಿಯೂ ಬದಲಾಯಿತು, ಮೊದಲಿನ ಗುಂಯ್ ಹೋಗಿ ಮೂಗಿನಿಂದ ಬಂದಂತಾಯಿತು. ಹತ್ತಿ ಗಂಟು ಉಳಿಯುತ್ತದೆಂದು ಹೆಂಗಸರು ಹೇಳತೊಡಗಿದರು. ಎರಡು ಮೂರು ವರ್ಷಕ್ಕೆ ತಾಳಿಕೋಟೆಗೆ ಹಿಂಜುವ ಯಂತ್ರ ಬಂತು, ಮಂದಿ ಮೂಟೆಗಳನ್ನು ಅಲ್ಲಿಗೆ ಒಯ್ದರು. ಯಂತ್ರ ಬಂದದ್ದಕ್ಕೆ ಕೆಲಸ ಹೋಯಿತು ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುತ್ತಿದ್ದೆ. ಯಂತ್ರ ಬರುವ ಮೊದಲು ಎರಡು ಮೂರು ಚಳಿಗಾಲ ಇದ್ದವು.

ನನ್ನ ಮದುವೆಗೆ ಗಾದಿ ಹಿಂಜಿದ್ದು ಅವರೇ, ಆ ಗಿಡ್ಡ ಬಿಲ್ಲಿನಿಂದ. ಬಲಭುಜ ಎತ್ತಲಾಗದೆ ನಡುನಡುವೆ ಕೂರುತ್ತಿದ್ದರು. “ಈಗ ಎರಡ ಕುಣಿ,” ಎಂದು ನಕ್ಕರು. ನಾನು ಆ ಹೊತ್ತಿಗೆ ದೊಡ್ಡ ಪಿಟೀಲನ್ನು ಮುಟ್ಟುವುದು ಬಿಟ್ಟಿದ್ದೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದುಕೊಳ್ಳಲು ಚೆನ್ನಾಗಿರುತ್ತದೆ. ದಪ್ಪ ಹುರಿ ಇರಲಿಲ್ಲ, ಅದಕ್ಕೆ ಬಿಟ್ಟೆ.

ಅವರು ತೀರಿಕೊಂಡಾಗ ನನಗೆ ಇಂಡಿಗೆ ವರ್ಗವಾಗಿತ್ತು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಕತ್ತರಿಸಿದ ಗೇಣುದ್ದದ ತುಂಡು ನನ್ನ ಕಿಸೆಯಲ್ಲಿತ್ತು. ಅಲ್ಲಿಯವರೆಗೆ ಅದನ್ನು ನಾನು ಕ್ಷೌರದ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದೆ. ಅವರ ಮನೆಯ ಗೋಡೆಗೆ ಬಿಲ್ಲು ತೂಗುತ್ತಿತ್ತು, ಕೊಯ್ದ ತುದಿ ಕೆಳಗಾಗಿ.

“ಚಾಚಿ,” ಎಂದೆ, “ಅವತ್ತ ಹುರಿ ಚಳೀಗಿ ಕುಗ್ಗಿದ್ದಲ್ಲ.”

ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ನನಗ ಗೊತ್ತಿಲ್ಲೇನ್ರಿ? ಅವತ್ತಽ ಕೇಳಿದೆ ಅವರಿಗಿ, ಮಾಸ್ತರ್ಗ ಯಾಕ ಹಂಗ ಸುಳ್ಳು ಹೇಳಿದ್ರಿ ಅಂತ. ಏನಂದ್ರು ಗೊತ್ತೈತೇನು? ‘ಪಾಪ, ಬಾಯಿ ತಗದು ನಿಂತಿದ್ದ, ಏನೂ ಬರಲಿಲ್ಲ ಅವಗ. ಎಲ್ಲಾ ನಾನಽ ಕಲಿಸೇನಿ, ಸುಳ್ಳೊಂದು ಯಾಕ ಬಿಡ್ಲಿ’ ಅಂದ್ರು.”

ಹೊಟ್ಟು ಗಾಳಿಗೆ ಹಾರಿತು. ಚಹಾ ಕುಡಿಯುತ್ತೀರೇನು ಎಂದು ಚಾಚಿ ಕೇಳಿದರು. ಕುಡಿದು ಬಂದೆ.

ಕಿಸೆಯಿಂದ ಆ ತುಂಡನ್ನು ತೆಗೆಯಲಿಲ್ಲ. ಅದು ಈಗಲೂ ನನ್ನ ಬಳಿ ಇದೆ. ಚಳಿ ಬಿದ್ದಾಗ ಕೆಲವು ಸಲ ತೆಗೆದು ಹೆಬ್ಬೆರಳಿನಿಂದ ಕಿರುಬೆರಳಿಗೆ ಹಿಡಿದು ನೋಡುತ್ತೇನೆ. ಇಷ್ಟು ಚಳಿಗಾಲಗಳು ಹೋದರೂ ಒಂದು ಕೂದಲೆಳೆಯಷ್ಟೂ ಕುಗ್ಗಿಲ್ಲ.