ಕೆಂಪು ಗೆರೆಗೆ ಹಂಚಿದ ಸಕ್ಕರಿ

ನಮ್ಮೂರ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರ ಪಾದದ ಮೇಲೆ ಯಾವಾಗಲೂ ಕೆಸರು ಒಣಗಿ ಬಿರಿದಿರುತ್ತಿತ್ತು. ಚಪ್ಪಲಿ ಕೈಯಲ್ಲಿ, ನಿರಿಗೆ ಸೊಂಟಕ್ಕೆ, ಕಂಕುಳಲ್ಲಿ ಮಕ್ಕಳ ಅಂಕಪಟ್ಟಿಗಳ ಕಟ್ಟು. ಗದ್ದೆಯ ಬದುವಿನ ಮೇಲೆ ತೂಗಾಡುತ್ತ ಬರುತ್ತಿದ್ದರು. ನಮ್ಮ ನವಲಿ ಕಡೆ ನಾಟಿ ಶುರುವಾದರೆ ಹೆಣ್ಣುಮಕ್ಕಳು ಪಾಲಕರ ಸಭೆಗೆ ಎಲ್ಲಿ ಹೋದಾರು? ಸಭೆಯೇ ಗದ್ದೆಗೆ ಬರುತ್ತಿತ್ತು.

ಈ ರೂಢಿ ಬಿದ್ದದ್ದು ನನ್ನ ದೆಸೆಯಿಂದ.

ಮೊದಲು ಅಂಕಪಟ್ಟಿಯನ್ನು ಮಕ್ಕಳ ಕೈಗೇ ಕೊಡುತ್ತಿದ್ದರು. ಆ ವರ್ಷ ನನ್ನ ಮಗ ಖಡಾಖಡಿ ಹೇಳಿಬಿಟ್ಟಿದ್ದ: "ಈ ಸಲ ಛಲೋ ಮಾರ್ಕ್ಸ್ ಬರಲಿಲ್ಲಂದ್ರ ಸಾಲಿ ಸಾಕು. ಎಮ್ಮಿ ಮೇಯಿಸ್ಲಿ." ಮೊಮ್ಮಗಳು ಹೆದರಿ, ಅಪ್ಪನ ಬದಲು ಗದ್ದೆಯಲ್ಲಿದ್ದ ನನ್ನ ಕೈಗೆ ಅಂಕಪಟ್ಟಿ ಕೊಟ್ಟಳು. ನಾನು ಎರಡನೇತ್ತೆಗೇ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಓದೇನು, ಅಂಕಪಟ್ಟಿ ಕಂಡವಳಲ್ಲ. ಎಲ್ಲಾ ನೀಲಿ, ಗಣಿತದ ಮುಂದೆ ಮಾತ್ರ ಕೆಂಪು ಗೆರೆ. ಕೆಂಪೆಂದರೆ ನಮಗೆ ಕುಂಕುಮ. ಹೊಸ ಟ್ರ್ಯಾಕ್ಟರ್ ಬಂದರೂ ಹಚ್ಚುವುದು ಅದನ್ನೇ. ಗಣಿತಕ್ಕೆ ಅಕ್ಕೋರು ಕುಂಕುಮ ಹಚ್ಯಾರ ಅಂತ ಹಿಗ್ಗಿ, ಚಾಕ್ಕೆ ತಂದಿದ್ದ ಸಕ್ಕರಿ ಬಿಚ್ಚಿ ನಾಟಿಯವರಿಗೆಲ್ಲ ಹಂಚಿದೆ. ಮೊಮ್ಮಗಳು ಮಾತ್ರ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಕಾಲುವೆ ದಂಡೆ ಹಿಡಿದು ಅಕ್ಕೋರೇ ಬಂದರು. "ಬರ್ರಿ ಅಕ್ಕೋರ, ಬಾಯಿ ಸಿಹಿ ಮಾಡ್ಕೋರಿ! ನನ್ನ ಮೊಮ್ಮಗಳಿಗೆ ಕುಂಕುಮ ಹಚ್ಚೀರಿ!" ಅಂತ ಕೂಗಿದೆ. ಅಂಕಪಟ್ಟಿ ನೋಡಿದರು. ಹುಡುಗಿಯನ್ನು ನೋಡಿದರು. ಎರಡೂ ಕೈ ಒಡ್ಡಿ ಹಿಡಿ ಸಕ್ಕರಿ ಇಸಕೊಂಡು, ಅಷ್ಟೂ ಮಂದಿಯ ಮುಂದೆ ತಿಂದರು.

ಸಂಜೆ ಮನೆಗೆ ಬಂದು ಮಗನ ಮುಂದೆ ಕೂತರು. "ಗಣಿತದಾಗ ನಪಾಸು ಅದಾಳ. ಸುಳ್ಳು ಹೇಳಂಗಿಲ್ಲ. ಆದ್ರ ನಿಮ್ಮವ್ವನ ಸಕ್ಕರಿ ತಿಂದೀನಿ. ಅದನ್ನ ಖರೇ ಮಾಡೂದು ನನಗ ಬಿಡ್ರಿ."

ಮಗ ನಕ್ಕ. "ಚಿಟಿಕಿ ಸಕ್ಕರಿಗೆ ಇಷ್ಟ್ಯಾಕ್ರಿ ಅಕ್ಕೋರ?"

"ಚಿಟಿಕಿ ಅಲ್ರೀ ಮಾರಾಯ್ರ! ಹಿಡಿ ತುಂಬ ಕೊಟ್ಟಾರ. ಇನ್ನೂ ಹಲ್ಲಾಗ ಐತಿ."

ಮಗ ಮತ್ತೆ ಎಮ್ಮೆಯ ಮಾತೆತ್ತಲಿಲ್ಲ. ಅಂದಿನಿಂದ ಸಾಲಿ ಬಿಟ್ಟ ಮೇಲೆ ಮೊಮ್ಮಗಳು ಅಕ್ಕೋರ ಮನೆಯ ಕಟ್ಟೆಯ ಮೇಲೆ ಲೆಕ್ಕ ಕಲಿತಳು. ಅಕ್ಕೋರೂ ಆಮೇಲೆ ಯಾವ ಅಂಕಪಟ್ಟಿಯನ್ನೂ ಮಕ್ಕಳ ಕೈಯಲ್ಲಿ ಸುಮ್ಮನೆ ಕಳಿಸಲಿಲ್ಲ. ಬದುವಿಗೆ ಬಂದು, ತಾಯಂದಿರನ್ನು ಒಬ್ಬೊಬ್ಬರನ್ನೇ ಕರೆದು ಓದಿ ಹೇಳುವರು: ಮೊದಲು ಮಗುವಿಗೆ ಏನು ಬರುತ್ತದೆ, ಆಮೇಲೆ ಏನು ಬರುವುದಿಲ್ಲ. ನನ್ನ ಸರದಿ ಬಂದರೆ ಮಾತ್ರ ನಗುತ್ತ ಚಾಷ್ಟಿ ಮಾಡುವರು: "ಸಕ್ಕರಿ ಎಲ್ಲೈತ್ರಿ?"

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಹೋದರು.

ಮೊನ್ನೆ ಹತ್ತನೇತ್ತೆ ರಿಸಲ್ಟು ಮಗನ ಮೊಬೈಲಿಗೇ ಬಂತು. ನಾನು ಸಕ್ಕರಿ ಡಬ್ಬಿ ಅಪ್ಪಿಕೊಂಡೇ ಕೇಳಿದೆ: "ಮೊದಲ ಹೇಳವಾ, ಕೆಂಪು ಐತೇನು?"

"ಇಲ್ಲಬೇ ಆಯಿ! ಗಣಿತದಾಗ ಸಾಲಿಗೇ ನಾನ ಮೊದಲು!" ಅಂತ ಮೊಮ್ಮಗಳು ಕುಣಿದಳು. ನಾನೂ ಕುಣಿದೆ, ಈ ಮೊಣಕಾಲು ಕಟ್ಟಿಕೊಂಡು. ಮಗ ಮೊಬೈಲನ್ನು ಓಣಿಗೆಲ್ಲ ತೋರಿಸಿ ಬಂದ.

ಊರಿಗೆ ಹಂಚುವ ಮೊದಲು ನಾವಿಬ್ಬರೂ ಗದ್ದೆಗೆ ಹೋದೆವು. ಭತ್ತ ಕೊಯ್ದು ನೆಲ ಬರಿದಾಗಿತ್ತು. ಅಂದು ಅಕ್ಕೋರು ನಿಂತಿದ್ದ ಬದುವಿನ ಮೇಲೆ ಎಲೆ ಹಾಸಿ ಹಿಡಿ ಸಕ್ಕರಿ ಇಟ್ಟೆ.

"ತಿನ್ರಿ ಅಕ್ಕೋರ," ಅಂದೆ. "ಇದು ಖರೇ ಸಕ್ಕರಿ."