ವಿಭೂತಿ ಹಚ್ಚಿದ ಕ್ಯಾಸೆಟ್

ಮಗಳ ಹಳೆಯ ವಿಡಿಯೋ ಗೇಮ್ ಇವತ್ತು ಮತ್ತೆ ಹತ್ತಿತು! ವಿದ್ಯಾಗಿರಿಯಿಂದ ಅವಳೊಂದಿಗೆ ಇಳಕಲ್ಲಿಗೆ ಬಂದ ಮೊಮ್ಮಗಳ ಮೊಬೈಲಿನಲ್ಲೂ ಅದೇ ಆಟವಿದೆ. ಆದರೆ ತನ್ನವ್ವ ಚಿಕ್ಕಂದಿನಲ್ಲಿ ಆಡಿದ ಡಬ್ಬಿಯಲ್ಲೇ, ಅವ್ವನ ಜೊತೆಗೇ ಆಡಬೇಕೆಂದು ಹಟ. ನನಗೋ ಒಳಗೊಳಗೇ ಪುಕುಪುಕು. ಪ್ರತಿ ದಸರೆಗೆ ಮಗ್ಗಕ್ಕೆ ಪೂಜೆ ಮಾಡುವಾಗ ಆಟದ ಕ್ಯಾಸೆಟ್ಟಿಗೂ ವಿಭೂತಿ ಹಚ್ಚುತ್ತಿದ್ದೆ. ಹಾಕಿ ನೋಡಿದರೆ ಟಿವಿ ತುಂಬ ಬರೀ ಗೆರೆ! ಮೊಮ್ಮಗಳ ಮುಖ ಬಾಡಿತು. ನಾನೇ ಕೆಡಿಸಿದೆನೇನೋ ಎಂದುಕೊಂಡೆ.

“ಯವ್ವಾ, ಇದಕ್ಕೂ ದೀಕ್ಷಾ ಕೊಟ್ಟೀಯೇನ?” ಎಂದು ನಗುತ್ತ ಮಗಳು ಕ್ಯಾಸೆಟ್ಟಿನ ಬಾಯೊಳಗಿನ ವಿಭೂತಿಯನ್ನು ಉಜ್ಜಿ ತೆಗೆದು, ಊದಿ, ಮತ್ತೆ ಸಿಕ್ಕಿಸಿದಳು. ಆಟ ಬಂತು!

“ಬಂದ್ ಮಾಡಬ್ಯಾಡ್ರವಾ, ಮತ್ತ ಹತ್ತಲಿಲ್ಲಂದ್ರ?” ಎಂದೆ. ಸಂಜೆ ಆಟ ಹಚ್ಚಿಟ್ಟೇ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು.