ಅಕ್ಕವ್ವ ಮಾವಶಿಯ ಡಾನ್ ದರ್ಬಾರು

ಡಾನ್‌ಗಳ ಸಿನಿಮಾ ಎಂದರೆ ನನಗೆ ಮೈ ಉರಿಯುತ್ತದೆ. ರಾಯಬಾಗದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಎದುರಿನ ಕಂಬಕ್ಕೆ ವಾರ ಬಿಟ್ಟು ವಾರ ಒಂದು ಹುಟ್ಟುಹಬ್ಬದ ಬ್ಯಾನರ್ ಏರುತ್ತದೆ. ಮೀಸೆ ಸರಿಯಾಗಿ ಮೂಡಿರದ ಹುಡುಗ, ಕಪ್ಪು ಕನ್ನಡಕ, ಹಿಂದೆ ಧಗಧಗ ಬೆಂಕಿ, ಹೆಸರಿನ ಮುಂದೆ 'ಭಾಯಿ' ಎಂಬ ಬಿರುದು. ಸಂಜೆ ತಲವಾರದಿಂದ ಕೇಕ್ ಕತ್ತರಿಸಿದ ಅದೇ ಭಾಯಿ ಮರುದಿನ ಅವ್ವನನ್ನು ಕರೆದುಕೊಂಡು ನನ್ನ ಅಂಗಡಿಗೆ ಬರುತ್ತಾನೆ, ಒಡೆದ ಮೊಬೈಲಿಗೆ ಹೊಸ ಗಾಜು ಹಾಕಿಸಲು. ಇಂಥವರನ್ನು ತಯಾರು ಮಾಡುವ ಕಾರ್ಖಾನೆ ಎಂದರೆ ಆ ಪಿಚ್ಚರುಗಳೇ ಎಂದು ನಾನು ಸಿಕ್ಕವರ ಮುಂದೆಲ್ಲ ಭಾಷಣ ಬಿಗಿಯುತ್ತಿದ್ದೆ.

ಅಂಥ ನನ್ನ ಕೈಯಿಂದಲೇ ಪೆನ್‌ಡ್ರೈವ್ ತುಂಬ ಡಾನ್ ಪಿಚ್ಚರ್ ಹಾಕಿಸಿಕೊಂಡು ಹೋಗುತ್ತಿದ್ದವಳು ನನ್ನ ಅವ್ವನ ತಂಗಿ ಅಕ್ಕವ್ವ. ಗಡಿಯ ಜನ ನಾವು, ಅವ್ವನ ತಂಗಿಗೆ ಮಾವಶಿ ಎನ್ನುತ್ತೇವೆ. ದಿಗ್ಗೇವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿ ಅವಳದು. ಹೊಳೆಯ ದಿಕ್ಕಿಗೆ ಎರಡೆಕರೆ ಕಬ್ಬು, ಒಂದು ಎಮ್ಮೆ, ಯಡೂರಿಗೆ ಕೊಟ್ಟ ಒಬ್ಬಳೇ ಮಗಳು ರೂಪಾಲಿ. ಗಂಡ ಮಲ್ಲೇಶ ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಕಣ್ಣಿನ ಆಪರೇಶನ್ ಆದ ಮೇಲೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಅವಳು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ, ಓಣಿಯ ಹುಡುಗರು 'ಡಾನ್ ಅಕ್ಕವ್ವ' ಎಂದು ಕಿಸಕ್ಕನೆ ನಗುತ್ತಿದ್ದರು. ಅವಳು ಕನ್ನಡಕ ತೆಗೆಯುತ್ತಿರಲಿಲ್ಲ.

ಈ ಹುಚ್ಚು ಹಿಡಿಸಿದವನು ಮಲ್ಲೇಶ ಕಾಕಾನೇ. ಮದುವೆಯಾದ ಹೊಸತರಲ್ಲಿ ಸೈಕಲ್ ಮೇಲೆ ಕೂಡಿಸಿಕೊಂಡು ಟಾಕೀಜಿಗೆ ಕರೆದೊಯ್ದಿದ್ದನಂತೆ. ದೇವರ ಪಿಚ್ಚರ್ ಇರಬೇಕೆಂದು ಮಾವಶಿ ತಲೆಸ್ನಾನ ಮಾಡಿ ಹೋಗಿದ್ದಳು. ಒಳಗೆ ನೋಡಿದರೆ ಸಿಗಾರು, ಪಿಸ್ತೂಲು, ಬಿಳಿ ಬೂಟು, ಮನೆ ಕಳೆದುಕೊಂಡು ಡಾನ್ ಮುಂದೆ ಅಳುವ ಒಬ್ಬ ಮುದುಕಿ. ಆಗ ಹೆಂಗಸರ ಜಾಗ ಬೇರೆ, ಗಂಡಸರ ಜಾಗ ಬೇರೆ. ಇಂಟರ್ವಲ್ಲಿನಲ್ಲಿ ಕಾಕಾ ಶೇಂಗಾದ ಪುಡಿಕೆ ಹಿಡಿದು, ಹೆಂಡತಿ ಬೈಯುತ್ತಾಳೆಂದು ಹೆದರುತ್ತ ಬಂದರೆ, ಇವಳು ಕೇಳಿದ್ದು ಒಂದೇ ಮಾತು: "ಆ ಮುದುಕಿ ಮನಿ ಆಕಿಗಿ ತಿರಗಿ ಸಿಗತೈತ್ರಿ, ಹೌದಲ್ರಿ?"

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಟಾಕೀಜು ಹೋಗಿ ಟಿವಿ ಬಂತು, ಟಿವಿಗೆ ಪೆನ್‌ಡ್ರೈವ್ ಬಂತು. ಕನ್ನಡ, ಮರಾಠಿ, ಹಿಂದಿ ಯಾವುದಾದರೂ ಸರಿ, ಡಾನ್ ಒಬ್ಬ ಇರಬೇಕು. ಒಂದು ಸಲ ನಾನು ರೇಗಿದೆ. "ಮಾವಶಿ, ಕೊಲೆಗಾರರ ಕತಿ ನೋಡಿ ನಿನಗ ಏನ ಸಿಗತೈತಿ?"

ಅವಳು ಅವರೆಕಾಯಿ ಸುಲಿಯುತ್ತ ಹೇಳಿದಳು. "ಅಂವ ಕೆಟ್ಟಾಂವ ಅಂತ ನಮಗ ಗೊತ್ತಿಲ್ಲೇನ? ಕಡೀಕ ಗುಂಡ ತಿಂದು ಬೀಳ್ತಾನ, ಅದೂ ಗೊತ್ತೈತಿ. ಬಂದೂಕ ನೋಡಾಕ ಯಾರ ಕುಂದರತಾರೋ? ಅಂವನ ದರ್ಬಾರ ನೋಡಾಕ ಕುಂದರತೀವಿ. ಮುದುಕಿ ಒಬ್ಬಾಕಿ ಮುಂಜಾನೆ ಅಳಕೋಂತ ಬರತಾಳ, ಸಂಜಿ ಆಗೂದ್ರಾಗ ಆಕಿ ಕೆಲಸ ಆಗಿರತೈತಿ. ನಾಳೆ ಬಾ ಅನ್ನಾಂಗಿಲ್ಲ, ಸಾಹೇಬ್ರ ಇಲ್ಲ ಅನ್ನಾಂಗಿಲ್ಲ. ಅಂಥಾ ಸಂಜಿ ನೀ ಯಾವ ಆಫೀಸಿನ್ಯಾಗ ನೋಡೀದಿ, ಹೇಳ."

ಅಂಗಡಿಯಲ್ಲಿ ಕೆಲಸವಿದೆ ಎಂದು ನಾನು ಎದ್ದು ಬಂದೆ.

ಈಗ ಕಬ್ಬಿನ ವಿಷಯ. ನಮ್ಮ ಕಡೆ ಕಬ್ಬು ಬೆಳೆಯುವುದು ದೊಡ್ಡ ಮಾತಲ್ಲ, ಕಡಿಸುವುದು ದೊಡ್ಡ ಮಾತು. ಕಾರ್ಖಾನೆಯ ಫೀಲ್ಡ್‌ಮನ್ ನಾಟಿಯ ತಾರೀಖು ನೋಡಿ ಪಾಳಿ, ಅಂದರೆ ಸರದಿ, ಹಚ್ಚಬೇಕು, ಆ ಪಾಳಿಯ ಪ್ರಕಾರ ಮೇಸ್ತ್ರಿ ಮುಕಾದಮ ಕಬ್ಬು ಕಡಿಯುವ ತನ್ನ ಟೋಳಿಯನ್ನು ಹೊಲಕ್ಕೆ ಇಳಿಸಬೇಕು. ನಿಯಮ ಇಷ್ಟೇ. ಆದರೆ ಮಲ್ಲೇಶ ಕಾಕಾ ಹೋದಾಗಿನಿಂದ ಮಾವಶಿಯ ಕಬ್ಬು ಪ್ರತಿ ವರ್ಷವೂ ಎಲ್ಲರದೂ ಮುಗಿದ ಮೇಲೆ ಬೇಸಿಗೆಯ ಬಿಸಿಲಲ್ಲಿ ಕಟಾವಾಗುತ್ತಿತ್ತು. ಅಷ್ಟರಲ್ಲಿ ಸೂಲಂಗಿ ಹೂ ಬಿಟ್ಟು, ಕಬ್ಬಿನ ಗಣಿಕೆ ಬೆಂಡಾಗಿ, ತೂಕ ಸೋರಿ ಹೋಗಿರುತ್ತಿತ್ತು. ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆ ಬೆಳೆಯೂ ಬಡಕಲು. ಗಂಡು ದಿಕ್ಕಿಲ್ಲದ ಹೊಲಕ್ಕೆ ಯಾರು ಅವಸರ ಮಾಡುತ್ತಾರೆ?

ಪಕ್ಕದ ಹೊಲದ ಬಾಬಾಸಾಹೇಬರು ಇದನ್ನೇ ಕಾಯುತ್ತಿದ್ದರು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಬ್ಬು ಅವರದು, ಕೊಟ್ಟಿಗೆ ತುಂಬ ಎಮ್ಮೆ, ಮಾತು ಬೆಣ್ಣೆ. ಆ ಎರಡೆಕರೆಯನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡಲಿ, ನಾವೇ ಮಾಡಿಕೊಳ್ಳುತ್ತೇವೆ ಎಂದು ನಮ್ಮ ಮನೆಗೆ ಹೇಳಿ ಕಳಿಸಿದರು. ಲಾವಣಿಗೆ ಹೋದ ಹೊಲ ಅವರ ಕೈಯಿಂದ ಮರಳಿ ಬಂದದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ಆದರೂ ನಾವು ಮನೆಯವರೆಲ್ಲ ಸೇರಿ ಮಾವಶಿಯ ತಲೆ ತಿಂದೆವು. ಕೊನೆಗೆ ಅವಳು ಒಪ್ಪಿದಳು. "ಈ ವರ್ಷನೂ ನನ್ನ ಕಬ್ಬ ಕಡೀಕ ಕಡದ್ರ ಲಾವಣಿಗಿ ಕೊಡತೇನಿ. ಪಾಳಿ ಪ್ರಕಾರ ಕಡದ್ರ ಸಾಯೂತನಕಾ ಆ ಮಾತ ಎತ್ತಬ್ಯಾಡ್ರಿ."

ಆ ಸಲ ಕಡಿಯಲು ಬಂದ ಟೋಳಿ ಮಹಾರಾಷ್ಟ್ರದ ಕಡೆಯದು. ಮುಕಾದಮನ ಹೆಸರು ಜ್ಞಾನದೇವ. ಊರ ಹೊರಗೆ ಕಬ್ಬಿನ ಒಣಗರಿಯ, ಅಂದರೆ ರವದಿಯ, ಗುಡಿಸಲು ಹಾಕಿಕೊಂಡರು. ಊರವರೆಲ್ಲ ಫೀಲ್ಡ್‌ಮನ್‌ನನ್ನು ಊಟಕ್ಕೆ ಕರೆದರು, ಜ್ಞಾನದೇವನಿಗೆ ಕೋಳಿ ಕಳಿಸಿದರು. ಕೊಯ್ತಾ ಹಿಡಿದು ಕಬ್ಬು ಕಡಿಯುವವರನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಅದು ನಮ್ಮ ಕಡೆಯ ಹಳೆಯ ದಡ್ಡತನ. ಇನ್ನೊಂದು ಇದೆ. ಕಡಿದ ಕಬ್ಬಿನ ತುದಿಯ ಹಸಿ ಮೇವು ಕಡಿಯುವವರಿಗೆ ಸೇರಬೇಕೆಂಬುದು ರೂಢಿ. ಅದನ್ನು ಸಂಜೆ ಸಿವುಡು ಕಟ್ಟಿ ಮಾರಿಯೇ ಆ ಹೆಂಗಸರು ಉಪ್ಪು, ಎಣ್ಣೆ ತರುವುದು. ಬಾಬಾಸಾಹೇಬರು ಆ ಮೇವನ್ನೂ ತಮ್ಮ ಎಮ್ಮೆಗಳಿಗೆ ಸಾಗಿಸಿಬಿಡುತ್ತಿದ್ದರು.

ಒಂದು ಸಂಜೆ ಟೋಳಿಯ ಹಿರಿಯಳು ಗೌರಾಬಾಯಿ ಮೊಬೈಲ್ ಚಾರ್ಜ್ ಮಾಡಿಕೊಳ್ಳಬಹುದೇ ಎಂದು ಕೇಳುತ್ತ ಮಾವಶಿಯ ಬಾಗಿಲಿಗೆ ಬಂದಳು. ಒಳಗೆ ಪಿಚ್ಚರ್ ನಡೆದಿತ್ತು. ಡಾನ್ ಆಗಷ್ಟೇ ಮೆಟ್ಟಿಲಿಳಿದು ಬರುತ್ತಿದ್ದ. ಗೌರಾಬಾಯಿ ಚಾರ್ಜರ್ ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತುಬಿಟ್ಟಳು. ಅದನ್ನು ಅವಳೂ ನೋಡಿದ್ದಳು, ಮುಂದೇನಾಗುತ್ತದೆ ಎಂಬುದೂ ಬಾಯಿಪಾಠ. ಮಾವಶಿ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಮರುದಿನ ಇನ್ನೂ ನಾಲ್ಕು ಹೆಂಗಸರು ಬಂದರು. ಅದರ ಮರುದಿನ ನನ್ನನ್ನು ಕರೆಸಿ ಟಿವಿಯನ್ನು ಅಂಗಳಕ್ಕೆ ತಿರುಗಿಸಿದಳು. ಇಡೀ ದಿನ ಕಬ್ಬಿನ ಗರಿಯಲ್ಲಿ ಮೈ ಕೊರೆಸಿಕೊಂಡ ಹೆಂಗಸರು ಮಾವಶಿಯ ಹಂಡೆಯ ಬಿಸಿನೀರಲ್ಲಿ ಕೈಕಾಲು ತೊಳೆದು, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಡಾನ್ ಯಾರದ್ದಾದರೂ ಕೆಲಸ ಮಾಡಿಕೊಟ್ಟಾಗ ಎಲ್ಲರ ಬಾಯಿಂದಲೂ ಒಂದೇ ನಿಟ್ಟುಸಿರು. ಮುಕಾದಮನ ಬೈಗುಳ ಕೇಳಿ ಕೇಳಿ ಬೇಸತ್ತವರಿಗೆ, ಯಾರಾದರೂ ಒಬ್ಬ ದೊಡ್ಡವನು ತಮ್ಮಂಥವರ ಮಾತು ಪೂರ್ತಿ ಕೇಳಿಸಿಕೊಳ್ಳುವುದನ್ನು ನೋಡುವುದೇ ಹಬ್ಬ. ಅದನ್ನು ಕಂಡು ನನ್ನ ಭಾಷಣ ನನಗೇ ಸಪ್ಪೆ ಎನಿಸತೊಡಗಿತು.

ಸೋಮವಾರ ಮಾವಶಿಯ ಪಾಳಿ ಎಂದು ಫೀಲ್ಡ್‌ಮನ್ ಹೇಳಿ ಹೋಗಿದ್ದ. ರವಿವಾರ ಮಧ್ಯಾಹ್ನ ಸುದ್ದಿ ಬಂತು: ನಾಳೆ ಟೋಳಿ ಬಾಬಾಸಾಹೇಬರ ಹೊಲಕ್ಕೆ ಇಳಿಯುತ್ತದೆ, ಆಮೇಲೆ ಅವರ ತಮ್ಮನ ಹೊಲ, ಆಮೇಲೆ ಅಳಿಯನದು. ಅಂದರೆ ಮಾವಶಿಯದು ಮತ್ತೆ ಕಡೆಗೆ. ನನಗೆ ರಕ್ತ ಕುದಿಯಿತು. ಗಾಡಿ ಹತ್ತಿ ಹೋಗಿ ಫೀಲ್ಡ್‌ಮನ್‌ನ ಮಾನ ಹರಾಜು ಹಾಕಿ ಬರುತ್ತೇನೆ ಎಂದು ಹೊರಟೆ.

ಮಾವಶಿ ಗಾಡಿಯ ಕೀಲಿ ಕಸಿದುಕೊಂಡಳು. "ಬಡವನ ಸಿಟ್ಟು ದವಡಿಗಿ ಮೂಲ. ಕೂಗ್ಯಾಡೋ ಡಾನ್ ಇಂಟರ್ವಲ್ಲಿಗೇ ಸಾಯತಾನೋ. ಕಡೀತನಕಾ ಉಳಿಯಾಂವ ಕುರ್ಚಿ ಬಿಟ್ಟು ಏಳಾಂಗಿಲ್ಲ. ಹೋಗು, ಜ್ಞಾನದೇವಗ ಸಂಜಿಗಿ ಚಹಾಕ್ಕ ಬರಾಕ ಹೇಳು."

ಸಂಜೆ ಅವನು ಬಂದಾಗ ಅಂಗಳದ ತುಂಬ ಅವನ ಟೋಳಿಯ ಹೆಂಗಸರೇ ಕೂತಿದ್ದರು, ಪಿಚ್ಚರ್ ನಡೆದಿತ್ತು. ಮಾವಶಿ ಚಹಾ ಕೊಟ್ಟಳು. ಊರಲ್ಲಿರುವ ಅವನ ತಾಯಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ಆಮೇಲೆ ಸುಮ್ಮನಾದಳು. ಕಪ್ಪು ಕನ್ನಡಕದ ಹಿಂದೆ ಅವಳು ಟಿವಿ ನೋಡುತ್ತಿದ್ದಾಳೋ ತನ್ನನ್ನೋ ಎಂದು ಜ್ಞಾನದೇವನಿಗೆ ತಿಳಿಯಲಿಲ್ಲ. ಚಹಾ ಆರಿತು. ಅವನು ಒಮ್ಮೆ ಕೆಮ್ಮಿದ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಕಡೆಗೆ ತಾನೇ ಬಾಯಿಬಿಟ್ಟ.

"ಮಾವಶಿ, ನನ್ನ ಕೈಯಾಗ ಏನಿಲ್ರಿ. ದೊಡ್ಡವರ ಒತ್ತಾಯ ಐತ್ರಿ."

"ನಾ ಏನರ ಕೇಳಿದ್ನೇನಪಾ?" ಎಂದಳು ಮಾವಶಿ. ದನಿ ಎಷ್ಟು ಮೆತ್ತಗಿತ್ತೆಂದರೆ ನನಗೂ ಮೈ ಜುಂ ಎಂದಿತು. "ನಾಳೆ ಎಲ್ಲಿಗಿ ಅಂತ ಇವರಿಗಿ ಹೇಳೀಯೇನ? ಅದಷ್ಟ ಹೇಳು."

ಅವನು ಹೇಳಿದ. ಗೌರಾಬಾಯಿ ಟಿವಿಯಿಂದ ಕಣ್ಣು ತೆಗೆದು ತಿರುಗಿದಳು. ಆ ಹೊಲದಲ್ಲಿ ಒಂದು ಸಿವುಡು ಮೇವೂ ಸಿಗುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಪಾಳಿ ಯಾರದ್ದೆಂಬುದೂ ಗೊತ್ತಿತ್ತು. "ಆಧಿ ಮಾವಶೀಚಾ ಊಸ" ಎಂದಳು. ಮೊದಲು ಮಾವಶಿಯ ಕಬ್ಬು. ಉಳಿದ ಹೆಂಗಸರೂ ಅದನ್ನೇ ಅಂದರು, ಒಬ್ಬಳ ಹಿಂದೊಬ್ಬಳು, ಕೂಗದೆ. ಅವರು ಕೊಯ್ತಾ ಕೆಳಗಿಟ್ಟರೆ ಮುಕಾದಮನೂ ಇಲ್ಲ, ಟ್ರ್ಯಾಕ್ಟರೂ ಇಲ್ಲ, ಕಾರ್ಖಾನೆಯ ಗಾಣವೂ ಇಲ್ಲ. ಇದು ಜ್ಞಾನದೇವನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಟೋಳಿ ಬಾಬಾಸಾಹೇಬರ ಹೊಲ ದಾಟಿ ಬಂದು ಮಾವಶಿಯ ಕಬ್ಬಿಗೆ ಇಳಿಯಿತು. ಕೊಯ್ತಾ ಬೀಳುವ ಸಪ್ಪಳ ಕೇಳುತ್ತ ಮಾವಶಿ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಬಾಬಾಸಾಹೇಬರ ಜೀಪು ಬಂತು. ನಾನು ಮಾವಶಿಯ ಕುರ್ಚಿಯ ಹಿಂದೆ ಸರಿದು ನಿಂತೆ, ನಿಜ ಹೇಳಲು ನಾಚಿಕೆ ಏನು.

"ವೈನಿ, ಇದು ಚಲೋ ಆಗಲಿಲ್ಲ ನೋಡ್ರಿ" ಎಂದರು ಬಾಬಾಸಾಹೇಬರು, ಅತ್ತಿಗೆ ಎಂಬ ಸಲಿಗೆಯಲ್ಲಿ.

"ಕುಂದರ್ರಿ ಸಾಹೇಬ್ರ, ಚಹಾ ಬರತೈತಿ."

ಎರಡನೆಯ ಕುರ್ಚಿ ಇರಲಿಲ್ಲ. ಕಡಿಯುವವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಬಾಬಾಸಾಹೇಬರು ಅತ್ತಿತ್ತ ನೋಡಿ, ಬಿಳಿ ಧೋತರ ಎತ್ತಿಕೊಂಡು ರವದಿಯ ಮೇಲೆ ಕೂತರು. ಚಹಾ ಬರುವಷ್ಟರಲ್ಲಿ ಅವರ ದನಿ ಬದಲಾಗಿತ್ತು. ಟ್ರ್ಯಾಕ್ಟರ್ ಬಂದು ನಿಂತಿದೆ, ಈ ಟೋಳಿ ಇಲ್ಲಿಂದ ಬೇರೆ ಕಡೆ ಹೋದರೆ ತಮ್ಮ ಕಬ್ಬೂ ಒಣಗುತ್ತದೆ, ಮಾವಶಿ ಒಂದು ಮಾತು ಹೇಳಬೇಕು. ಹೌದು, ಹಾಗೇ ಅಂದರು: ಒಂದು ಮಾತು ಹೇಳ್ರಿ ವೈನಿ.

ಮಾವಶಿ ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. "ನಿಮ್ಮ ಹೊಲದ ಮೇವ ಈ ಹೆಣ್ಮಕ್ಕಳಿಗಿ ಸೇರಬೇಕ್ರಿ. ಎಲ್ಲಾರ ಹೊಲದಾಗ ಸೇರಿಧಂಗ" ಎಂದಳು. ಅವರು ಗೌರಾಬಾಯಿಯ ಕಡೆ ನೋಡಿದರು, ತಮ್ಮ ನಿಂತ ಕಬ್ಬಿನ ಕಡೆ ನೋಡಿದರು, ತಲೆಯಾಡಿಸಿದರು. "ನನ್ನ ಹೊಲದ ಲಾವಣಿ ಮಾತ ಇನ್ನ ಮುಂದ ಬ್ಯಾಡ್ರಿ." ಅದಕ್ಕೂ ತಲೆಯಾಡಿಸಿದರು. ಹಿಂದೆ ನಿಂತಿದ್ದ ನಾನೂ ಯಾರೂ ಕೇಳದಿದ್ದರೂ ತಲೆಯಾಡಿಸಿದೆ.

"ಹಂಗಾರ ನಂದ ಮುಗದ ಮ್ಯಾಲೆ ಪಾಳಿ ನೋಡಿ ನಿಮ್ಮದೂ ಆಗತೈತಿ. ಆತಂತ ತಿಳಕೊಂಡು ಹೋಗ್ರಿ" ಎಂದಳು ಮಾವಶಿ. ಬಾಬಾಸಾಹೇಬರು ಎದ್ದು, ಧೋತರಕ್ಕೆ ಅಂಟಿದ ಗರಿ ಕೊಡವಿಕೊಂಡು ಹೋದರು. ಜೀಪು ತಿರುಗಿ ಮರೆಯಾಯಿತು. ಆಮೇಲೆ ಗೌರಾಬಾಯಿ ನಕ್ಕಳು ನೋಡಿ, ಇಡೀ ಹೊಲ ನಕ್ಕಿತು. ನನಗೆ ಕಣ್ಣಲ್ಲಿ ನೀರು ಬಂತು. ಹೆಮ್ಮೆಗೇ ಬಂದದ್ದು, ಬೇರೆ ಕಾರಣ ಹುಡುಕಬೇಡಿ.

ಮಾವಶಿಯ ರಸತುಂಬಿದ, ತೂಕ ಕಳೆಯದ ಕಬ್ಬು ಹೊತ್ತು ಕಡೆಯ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಊರು ದಾಟಿದ ದಿನ, ಸಂಜೆ ನಾನು ಹೊಸ ಪೆನ್‌ಡ್ರೈವ್ ಹಿಡಿದು ಮಾವಶಿಯ ಮನೆಗೆ ಹೋದೆ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೋಳಿಯ ಹೆಂಗಸರ ಹಿಂದೆ ನಮ್ಮೂರಿನವರೇ ಕೂತಿದ್ದರು, ಗಂಡಸರು, ಹೆಂಗಸರು, ಪಾಳಿ ಕಳೆದುಕೊಂಡವರು. ಯಾರೂ ಟಿವಿ ನೋಡುತ್ತಿರಲಿಲ್ಲ, ಮಾವಶಿಯನ್ನೇ ನೋಡುತ್ತಿದ್ದರು. ಒಬ್ಬಿಬ್ಬರು ಒಟ್ಟಿಗೆ ಮಾತು ತೆಗೆದರು. ಮಾವಶಿ ಕೈಯೆತ್ತಿದಳು.

"ಎಲ್ಲಾರದೂ ಕೇಳತೇನಿ. ವರ್ಷಾ ವರ್ಷಾ ಯಾರ ಕಬ್ಬ ಕಡೀಕ ಕಡೀತಾರೋ ಅವರು ಮೊದಲ ಮುಂದ ಬಂದು ಕುಂದರ್ರಿ."

ಗೋಡೆಗೆ ಒರಗಿ ಕೂತಿದ್ದ ಇಬ್ಬರು ಹೆಂಗಸರು ಮತ್ತು ಅರ್ಧ ಎಕರೆಯ ಸತ್ತೆಪ್ಪ ಎದ್ದು ಮುಂದೆ ಬಂದರು.